ಸಿಲಿಂಡರ್ ಮರಳಿ ಬಂದ ಮಧ್ಯಾಹ್ನಕ್ಕೆ

ರೊಟ್ಟಿ ಓಣಿ, ಬೆಟಗೇರಿ
ಶ್ರಾವಣದ ಒಂಬತ್ತನೆಯ ಬಿಸಿಲು, ಒಲೆ ಆರಿದ ನೂರ ಎಂಬತ್ತನಾಲ್ಕನೆಯ ವರ್ಷ

ಖಾನಾವಳಿಯ ಗುರುಸಿದ್ದವ್ವನಿಗೆ ಗಾಳವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ನಿನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಎಷ್ಟು ಹುಡುಕಿದರೂ ಇದು ಸಿಗುವುದಿಲ್ಲ. ನಮ್ಮಲ್ಲಿ ದಿನಕ್ಕೆ ‘ಬಿಸಿಲು’ ಎನ್ನುತ್ತೇವೆ. ಸೂರ್ಯ ಮುಖ ತೋರಿಸದ ದಿನ ಲೆಕ್ಕಕ್ಕೇ ಬರುವುದಿಲ್ಲ; ಅದಕ್ಕೆ ‘ಮೋಡರಜೆ’ ಎಂದು ಹೆಸರು. ಅವತ್ತು ಶಾಲೆಯಿಲ್ಲ, ಕಚೇರಿಯಿಲ್ಲ, ಕೆಲಸ ಯಾಕೆ ಆಗಲಿಲ್ಲ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಮೂವತ್ತು ಬಿಸಿಲು ತುಂಬಿದ ಮೇಲಷ್ಟೇ ತಿಂಗಳು ಮುಗಿಯುತ್ತದೆ. ಹೀಗಾಗಿ ಈ ಸಲದ ಶ್ರಾವಣ ಶುರುವಾಗಿ ಬಹಳ ಕಾಲವಾದರೂ ಇನ್ನೂ ಒಂಬತ್ತರಲ್ಲೇ ಕೂತಿದೆ. ಯುಗಾದಿ ಬರುವಷ್ಟರಲ್ಲಿ ಹೇಗೋ ಎಳೆದು ಜಗ್ಗಿ ಸರಿ ಮಾಡಿಕೊಳ್ಳುತ್ತೇವೆ. ನನ್ನ ಮಾತುಗಳೂ ನಿನಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ. ನಿನ್ನ ಕಾಲದ ಕನ್ನಡದಲ್ಲಿ ಬರೆಯಲು ನನ್ನಿಂದ ಆದಷ್ಟು ಹೆಣಗಾಡಿದ್ದೇನೆ.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ಸಮಾಚಾರ ತಿಳಿಸು ಎಂದು ಬರೆಯಲು ಹೋದೆ, ನಗು ಬಂತು. ನಿನಗೆ ಏನೇನಾಯಿತು ಎಂದು ನಿನಗಿಂತ ಮೊದಲೇ ನನಗೆ ಗೊತ್ತಿದೆ. ನನಗೀಗ ಎಪ್ಪತ್ತೆರಡು, ನಿನಗಿನ್ನೂ ನಲವತ್ತು ದಾಟಿಲ್ಲ, ಆದರೂ ನೀನು ನನಗೆ ಅಜ್ಜಿಯ ಅಜ್ಜಿಯ ಕಾಲದವಳು. ಈ ಓಣಿಯಲ್ಲಿ ಒಂದು ಪದ್ಧತಿಯಿದೆ: ನಿನ್ನ ಖಾನಾವಳಿಗೆ ಸಿಲಿಂಡರ್ ಮರಳಿ ಬಂದ ದಿನವನ್ನು ನಾವು ಪ್ರತಿವರ್ಷ ಆಚರಿಸುತ್ತೇವೆ. ಅವತ್ತು ಓಣಿಯ ಹಿರಿಯಳು ನಿನಗೊಂದು ಕಾಗದ ಬರೆದು, ಊಟಕ್ಕೆ ಮೊದಲು ಎಲ್ಲರ ಮುಂದೆ ಓದಬೇಕು. ಸಿಲಿಂಡರ್ ನಿಂತ ದಿನವನ್ನಲ್ಲ, ಮರಳಿ ಬಂದ ದಿನವನ್ನು. ಹೊರಗಿನವರು ಇದನ್ನು ಕೇಳಿ ತಲೆ ಕೆರೆದುಕೊಳ್ಳುತ್ತಾರೆ. ಹೋದ ವರ್ಷದವರೆಗೆ ಬರೆಯುತ್ತಿದ್ದವಳು ನಿನ್ನನ್ನು ದೇವಿಯೆಂದು ಹೊಗಳಿ ಹೊಗಳಿ ಅಟ್ಟಕ್ಕೇರಿಸುತ್ತಿದ್ದಳು. ಅದು ನನ್ನಿಂದಾಗದು. ನಾನು ನಿನ್ನ ವಂಶದವಳಲ್ಲ, ನಿನ್ನ ನಾದಿನಿ ರುದ್ರವ್ವನ ವಂಶದವಳು. ನಮ್ಮ ಕಡೆಯವರ ಬಾಯಿ ಎಂಥದೆಂದು ನಿನಗೆ ನಾನೇನು ಹೇಳುವುದು.

ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇಷ್ಟು ಬಾಯಿ ದಾಟಿ ಬಂದ ಸಂಗತಿಯಲ್ಲಿ ಎಷ್ಟು ನಿಜ ಉಳಿದಿದೆ, ಎಷ್ಟು ಉಪ್ಪುಖಾರ ಸೇರಿದೆ ಎಂದು ನೀನೇ ನೋಡು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಿನ್ನ ಖಾನಾವಳಿ. ಮಾಲಕಿ ನೀನು. ಜೊತೆಗೆ ರುದ್ರವ್ವ ಮತ್ತು ಹುಸೇನಬಿ, ಮೂವರೂ ಜೋಳದ ರೊಟ್ಟಿ ಬಡಿಯುವವರು. ಗಿರಾಕಿ ತಾಟಿನ ಮುಂದೆ ಕೂತ ಮೇಲೆ ಬಡಿಯಲು ಶುರು ಮಾಡಿ, ಉಬ್ಬಿದ ರೊಟ್ಟಿಯನ್ನು ಬೆಂಕಿಯಿಂದ ನೇರವಾಗಿ ತಾಟಿಗೆ ಹಾಕುವುದು ನಿನ್ನ ಖಾನಾವಳಿಯ ಹೆಸರು. ಕೊನೆಯ ಬಸ್ಸಿನವರು ಉಂಡು ಎದ್ದ ಮೇಲೆ, ಒಲೆ ಆರಿಸಿ, ಕಟ್ಟೆ ಒರೆಸಿ, ಉಳಿದ ತಣ್ಣನೆಯ ರೊಟ್ಟಿಯನ್ನು ಮೂವರೂ ನಿಂತೇ ತಿನ್ನುತ್ತಿದ್ದಿರಂತೆ. ಇಡೀ ಊರಿಗೆ ಬಿಸಿ ರೊಟ್ಟಿ ಉಣಿಸಿದ ನಿಮಗೆ ಬಿಸಿ ರೊಟ್ಟಿಯ ರುಚಿ ಮರೆತುಹೋಗಿತ್ತಂತೆ.

ಆಮೇಲೆ ಕಡಲಾಚೆ ಯುದ್ಧ ಹತ್ತಿತು. ಯಾವುದೋ ಒಂದು ಇಕ್ಕಟ್ಟಾದ ಜಲದಾರಿ ಮುಚ್ಚಿ, ನೆಲದೆಣ್ಣೆ ಮತ್ತು ನೆಲದುಸಿರು ಹೊತ್ತ ಹಡಗುಗಳು ಸಾಲುಗಟ್ಟಿ ನಿಂತವು. (ನೀವು ಪೆಟ್ರೋಲು, ಗ್ಯಾಸು ಎನ್ನುವುದನ್ನು ನಾವು ಹೀಗೆ ಕರೆಯುತ್ತೇವೆ.) ಎಲ್ಲಿಯ ಸಮುದ್ರ, ಎಲ್ಲಿಯ ಬೆಟಗೇರಿ! ‘ನಾ ಹಡಗ ನೋಡೇ ಇಲ್ಲಬೇ ಯವ್ವಾ, ಅದು ನಿಂತ್ರ ನನ್ನ ಒಲಿ ಯಾಕ ಆರ್ತೈತಿ?’ ಎಂದು ಹುಸೇನಬಿ ಕೇಳಿದ್ದು ನಮ್ಮಲ್ಲಿ ಇವತ್ತಿಗೂ ಮಕ್ಕಳ ಬಾಯಲ್ಲಿದೆ. ಯಾವುದಾದರೂ ಆಟದ ಸಾಮಾನು ಕೆಟ್ಟು ನಿಂತರೆ ಹಾಗೆಯೇ ಅನ್ನುತ್ತಾರೆ.

ಒಲೆ ಆರಿದ ಮೇಲೆ ಏನಾಯಿತು ಎನ್ನುವುದನ್ನು ನಮ್ಮ ಕಾಲದ ಪಂಡಿತರು ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿದ್ದಾರೆ. ಎಣ್ಣೆ ನಿಂತಿತು, ಲೋಕ ಬಿಸಿಲಿನ ಕಡೆ ತಿರುಗಿತು ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ಸುಳ್ಳು. ಅರ್ಧ ಲೋಕ ಕಟ್ಟಿಗೆ ಮತ್ತು ಕಲ್ಲಿದ್ದಲಿನ ಕಡೆ ಓಡಿತು. ಮುಚ್ಚಿದ್ದ ಗಣಿಗಳ ಬಾಗಿಲು ತೆರೆದರು. ನಿನ್ನ ಎದುರಿನ ಹೋಟೆಲಿನವನು ಇದ್ದಿಲ ಒಲೆ ಹೂಡಿದ, ಓಣಿಯ ಕೆಲವರು ಹಳೆಯ ಟೈರಿನ ಚೂರುಗಳನ್ನೂ ಸುಟ್ಟರು, ರುದ್ರವ್ವನಿಗೆ ಕೆಮ್ಮು ಹತ್ತಿದ್ದು ಆಗಲೇ. ಉಳಿದವರು ಕರೆಂಟಿನ ಒಲೆ ತಂದರು. ನೀನೂ ತಂದೆ. ಅದರ ಮೇಲೆ ರುದ್ರವ್ವ ಮೊದಲ ರೊಟ್ಟಿ ಹಾಕಿ, ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಂತೆ ಹಸಿ ಬಟ್ಟೆಯಿಂದ ಮೇಲೆ ನೀರು ಸವರಿ, ಆ ತೊಟ್ಟಿಕ್ಕುವ ಬಟ್ಟೆಯನ್ನು ಒಲೆಯ ಮಗ್ಗುಲಿಗೇ ಒಗೆದಳು. ಗ್ಯಾಸಿನ ಒಲೆ ಇದನ್ನೆಲ್ಲ ಸಹಿಸಿಕೊಳ್ಳುತ್ತಿತ್ತು. ಇದು ಢಬ್ಬೆಂದಿತು. ಮೊದಲೇ ಭಾರ ತಡೆಯಲಾರದೆ ನರಳುತ್ತಿದ್ದ ಓಣಿಯ ಟ್ರಾನ್ಸ್‌ಫಾರ್ಮರ್ ಅದೇ ಹೊತ್ತಿಗೆ ಸುಟ್ಟುಹೋಯಿತು. ಅದು ಅವಳಿಂದಲೇ ಸುಟ್ಟಿತೋ ಇಲ್ಲವೋ ದೇವರಿಗೇ ಗೊತ್ತು, ಆದರೆ ಇಡೀ ಓಣಿ ಬಂದು ಅವಳನ್ನೇ ಬೈಯಿತು. ಅವಳು ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು, ‘ರೊಟ್ಟಿಗಿ ನೀರ ಹಚ್ಚಬಾರದಂದ್ರ ಅದು ಒಲಿ ಅಲ್ಲ, ಅಳಿಯ!’ ಎಂದಳಂತೆ. ನನ್ನ ರಕ್ತ ನೋಡು.

ಇಲ್ಲಿ ರಾಜೇಸಾಬನನ್ನು ನೆನೆಯಬೇಕು. ಹುಸೇನಬಿಯ ತಮ್ಮ, ಹೊಲದ ಪಂಪು ರಿಪೇರಿಯವನು. ನೀರು ಬತ್ತಿದ ಬೋರ್‌ವೆಲ್ ಒಂದರ ಪಕ್ಕ ಸುಮ್ಮನೆ ನಿಂತಿದ್ದ ಬಿಸಿಲು ಹಲಗೆಗಳನ್ನು, ನಿಮ್ಮ ಮಾತಿನಲ್ಲಿ ಸೋಲಾರ್ ಪ್ಯಾನೆಲ್ಲುಗಳನ್ನು, ಬಿಚ್ಚಿ ತಂದು ನಿನ್ನ ಮಾಳಿಗೆಯ ಮೇಲೆ ಏರಿಸಿದ. ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣದ ಹಂಚಿನ ಕೆಳಗೆ ಕಾಯುವ ತಂತಿ ಕೂಡಿಸಿ, ಹಲಗೆಯಿಂದ ನೇರವಾಗಿ ಅದಕ್ಕೆ ಜೋಡಿಸಿ, ಎಷ್ಟು ನೀರು ಚೆಲ್ಲಿದರೂ ಒಳಗೆ ಇಳಿಯದ ಹಾಗೆ ಸುತ್ತ ಬೆಸುಗೆ ಹಾಕಿದ. ಮೊದಮೊದಲು ರೊಟ್ಟಿ ಉಬ್ಬಲಿಲ್ಲ. ಬೆಂಕಿಗೆ ಒಡ್ಡುವ ಬದಲು ಮಡಿಸಿದ ಬಟ್ಟೆಯಿಂದ ಅಂಚು ಒತ್ತಿ ಒತ್ತಿ ಉಬ್ಬಿಸುವುದನ್ನು ಹುಸೇನಬಿ ಕಲಿತಳು, ಅವಳಿಂದ ನೀವಿಬ್ಬರೂ ಕಲಿತಿರಿ. ಆದರೆ ಬಿಸಿಲು ಇಳಿದರೆ ಹಂಚೂ ತಣ್ಣಗಾಗುತ್ತಿತ್ತು, ಕರೆಂಟು ಕೂಡಿಡುವ ಬ್ಯಾಟರಿ ತರುವ ತಾಕತ್ತು ನಿನಗಿರಲಿಲ್ಲ. ಸಂಜೆಯ ಗಿರಾಕಿಗೆ ಏನು ಕೊಡುವುದು ಎಂದು ನೀನು ತಲೆಯ ಮೇಲೆ ಕೈ ಹೊತ್ತು ಕೂತಾಗ, ಎದುರಿಗೆ ಗೂಡೆಯಲ್ಲಿ ಖಡಕ್ ರೊಟ್ಟಿ ಇತ್ತಂತೆ.

ಅಲ್ಲಿಗೆ ದಾರಿ ಸಿಕ್ಕಿತು. ಒಣಗಿಸಿದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ ಎನ್ನುವುದು ಉತ್ತರ ಕರ್ನಾಟಕದ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಹಗಲೆಲ್ಲ ಬಡಿದು, ಹಂಚಿನ ಅಂಚಿಗೆ ಸಾಲಾಗಿ ನಿಲ್ಲಿಸಿ ಖಡಕ್ ಮಾಡಿ ಗೂಡೆ ತುಂಬಿದಿರಿ. ಕುದಿಯುವ ಪಲ್ಯ, ಬೇಳೆ, ಝುಣಕದ ಪಾತ್ರೆಗಳನ್ನು ಮುಚ್ಚಿ, ಹಳೆಯ ಸೀರೆಗಳಿಂದ ಹೊಲಿದ ಕೌದಿಗಳನ್ನು ಸುತ್ತಿ, ಮೂಲೆಯಲ್ಲಿ ಮಲಗಿಸಿದಿರಿ. ರಾತ್ರಿ ಕೌದಿ ಬಿಚ್ಚಿದರೆ ಹಬೆ ಏಳುತ್ತಿತ್ತು. ದಿನಾ ಉಣ್ಣಲು ಬರುವ ಕಂಡಕ್ಟರ್ ವಿರೂಪಾಕ್ಷಿ ಮಾತ್ರ ಮುಖ ಸಿಂಡರಿಸಿ, ‘ಬಿಸಿ ರೊಟ್ಟಿ ಇಲ್ಲಂದ್ರ ಅದೆಂಥಾ ಖಾನಾವಳಿ ಅಕ್ಕಾರ?’ ಎಂದ. ‘ಹಗಲ್ಹೊತ್ನ್ಯಾಗ ಬಾ, ಸುಡುಸುಡು ಕೊಡ್ತೀನಿ. ರಾತ್ರಿ ಬಂದ್ರ ಹಲ್ಲಿಗಿ ಕೆಲಸ ಕೊಡು’ ಎಂದೆ ನೀನು. ಅವನು ಗೊಣಗುತ್ತಲೇ ಒಂದೂವರೆ ವರ್ಷ ಕಟಂ ಕಟಂ ಎಂದು ಕಡಿದ.

ಅದೇ ದಿನಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಯಾವ ಪಂಡಿತನೂ ಅದನ್ನು ಬರೆದಿಲ್ಲ. ಇಳಿಹೊತ್ತಿಗೆ ಬಡಿಯುವ ಕೆಲಸ ಮುಗಿದು, ಹಂಚಿನಲ್ಲಿ ಇನ್ನೂ ಸ್ವಲ್ಪ ಕಾವು ಉಳಿದಿರುತ್ತಿತ್ತು. ಸಂಜೆಯ ಗಿರಾಕಿ ಬರಲು ಇನ್ನೂ ಹೊತ್ತಿತ್ತು. ಆ ಕಾವು ಹಾಳಾಗಬಾರದೆಂದು ನೀನು ಕೊನೆಯ ಹಿಟ್ಟಿನಲ್ಲಿ ಮೆತ್ತನೆಯ ರೊಟ್ಟಿ ಮಾಡಿ, ಕೆಮ್ಮುತ್ತ ಗೋಡೆಗೊರಗಿದ್ದ ರುದ್ರವ್ವನನ್ನು ಕೂರಿಸಿ, ಅವಳ ತಾಟಿಗೆ ಹಾಕಿದೆ. ಮೇಲೆ ಬೆಣ್ಣೆ, ಪಕ್ಕದಲ್ಲಿ ಕೆಂಪು ಚಟ್ನಿ. ಅವಳು ಮೊದಲ ತುತ್ತಿಗೆ ಬೆರಳು ಸುಟ್ಟುಕೊಂಡು, ಊದಿ ಊದಿ ತಿಂದು, ಏನೂ ಮಾತಾಡಲಿಲ್ಲವಂತೆ. ರುದ್ರವ್ವ ಮಾತಾಡದೆ ಉಂಡಳೆಂದರೆ ಅದು ಎಂಥ ರೊಟ್ಟಿಯಾಗಿರಬೇಕು! ಮರುದಿನ ಹುಸೇನಬಿಯೂ ಕೂತಳು. ಅದೇ ರೂಢಿಯಾಯಿತು. ಊರಿಗಿಂತ ಮೊದಲು, ಕೂತು, ಬಿಸಿಬಿಸಿ.

ಈಗ ನಮ್ಮ ದಿನ ಹೇಗೆ ಸಾಗುತ್ತದೆ ಎಂದು ಸ್ವಲ್ಪ ಹೇಳುತ್ತೇನೆ, ಆಗ ನಿನಗೆ ನಾನು ಯಾಕೆ ಕಾಗದ ಬರೆಯಲು ಕೂತೆ ಎಂದು ತಿಳಿದೀತು. ಬೆಳಿಗ್ಗೆ ಕಪ್ಪತಗುಡ್ಡದ ಕಡೆಯಿಂದ ಗಾಳಿ ಎದ್ದರೆ ನಮ್ಮ ಗಾಳಿಗಂಬಗಳು ಎಚ್ಚರಾಗುತ್ತವೆ, ಅವುಗಳ ಹಿಂದೆಯೇ ಬೆಟಗೇರಿಯ ಮಗ್ಗಗಳು ಎಚ್ಚರಾಗುತ್ತವೆ. ಗಾಳಿ ಮಲಗಿದರೆ ನೇಕಾರರು ಚಹಾ ಕುಡಿಯುತ್ತ ಕೂರುತ್ತಾರೆ, ಅವರ ದಿನಗೂಲಿ ನಿಲ್ಲುವುದಿಲ್ಲ. ಪ್ರತಿ ಓಣಿಯ ನೆಲದಡಿ ಒಂದು ‘ಉಪ್ಪುಗುಡಾಣ’ ಹೂತಿದೆ. ಹಗಲಿನ ಕಾವಿನಲ್ಲಿ ಕರಗಿದ ಉಪ್ಪನ್ನು ತುಂಬಿಟ್ಟ ದೊಡ್ಡ ಹಗೇವು ಎಂದುಕೋ. ಜೋಳದ ಬದಲು ಬಿಸಿ ಕೂಡಿಡುತ್ತದೆ. ರಾತ್ರಿ ಯಾರ ಮನೆಗಾದರೂ ಬಿಸಿನೀರು ಬೇಕೆಂದರೆ, ಹಸುಗೂಸಿಗೆ ಹಾಲು ಕಾಯಬೇಕೆಂದರೆ ಅದರಿಂದಲೇ. ಬಸ್ಸುಗಳು ಸದ್ದಿಲ್ಲದೆ ಬರುತ್ತವೆ, ಕಂಡಕ್ಟರ್ ಮಾತ್ರ ವಿರೂಪಾಕ್ಷಿಯ ಹಾಗೆಯೇ ಕೂಗುತ್ತಾನೆ. ಹೊಗೆ ಎಂದರೇನೆಂದು ನನ್ನ ಮೊಮ್ಮಗಳಿಗೆ ತೋರಿಸಲು ಊದುಬತ್ತಿ ಹಚ್ಚಬೇಕಾಯಿತು. ಅಡುಗೆಮನೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತ ಹೆಂಗಸು ನನ್ನ ತಿಳಿವಳಿಕೆಯಲ್ಲಿ ಒಬ್ಬಳೂ ಇಲ್ಲ.

ಇದೆಲ್ಲ ಸ್ವರ್ಗ ಎಂದು ತಿಳಿಯಬೇಡ. ಆಲಿಕಲ್ಲು ಬಿದ್ದರೆ ಹಲಗೆಗಳು ಒಡೆಯುತ್ತವೆ. ಗುಡಾಣ ಸೋರಿದರೆ ಓಣಿಯೆಲ್ಲ ಅಗೆಯಬೇಕು. ನಮ್ಮ ದೊಡ್ಡ ಜಗಳವೆಂದರೆ ನೆರಳು. ಪಕ್ಕದ ಮನೆಯ ನುಗ್ಗೆಗಿಡ ನನ್ನ ಮಾಳಿಗೆಗೆ ನೆರಳು ಹಾಕಿತೆಂದು ನಾನೂ ಅವಳೂ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದೇವೆ, ಕಾಯಿ ಮಾತ್ರ ಕಳಿಸುತ್ತಾಳೆ. ಹೋದ ವರ್ಷ ಚಂಡಮಾರುತದ ಮೋಡ ಕವಿದು ಬಿಸಿಲೇ ಇಲ್ಲದೆ ಗುಡಾಣ ತಣ್ಣಗಾಯಿತು, ಗಾಳಿಗಂಬಗಳನ್ನೂ ಕಟ್ಟಿ ನಿಲ್ಲಿಸಿದರು. ನಮಗೂ ಒಲೆ ಆರಿತು. ಆದರೆ ಯಾರೂ ಅಂಗಡಿಗೆ ಓಡಲಿಲ್ಲ, ಯಾರೂ ಯಾರನ್ನೂ ತಳ್ಳಲಿಲ್ಲ. ಮೋಡರಜೆ ಎಂದು ಕೌದಿ ಹೊದ್ದು ಕೂತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಿಂದೆವು. ಯಾವ ಓಣಿಯಲ್ಲಿ ಉಳಿತಾಯವಾಗಿತ್ತೋ ಅವರು ಇಲ್ಲದ ಓಣಿಗೆ ಗೂಡೆ ಹೊತ್ತರು. ಅದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಲಿಲ್ಲ.

ಈಗ ನಿನ್ನ ಮಧ್ಯಾಹ್ನಕ್ಕೆ ಬರುತ್ತೇನೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಜಲದಾರಿ ತೆರೆದಿದೆ, ಹಡಗುಗಳು ಹೊರಟಿವೆ, ಸಿಲಿಂಡರ್ ಮೊದಲಿಗಿಂತ ಅಗ್ಗವಾಗಿದೆ. ಪಡಬಾರದ ಪಾಡು ಪಟ್ಟ ಜನ ಎಲ್ಲವನ್ನೂ ಮರೆಯಲು ಅವಸರದಲ್ಲಿದ್ದಾರೆ. ಮಾಳಿಗೆಗಳಿಂದ ಹಲಗೆಗಳು ಇಳಿಯುತ್ತಿವೆ. ಕಷ್ಟ ಬಂದಾಗ ಬಿಸಿಲು, ಗಾಳಿ ಎಂದು ದೊಡ್ಡ ದೊಡ್ಡ ಮಾತಾಡಿದ ಸರಕಾರಗಳೂ ಸುಮ್ಮನಾಗಿವೆ. ಎದುರಿನ ಹೋಟೆಲಿನವನು ‘ಬಿಸಿ ರೊಟ್ಟಿ, ರಾತ್ರಿ ಹನ್ನೊಂದರ ತನಕ’ ಎಂದು ಬೋರ್ಡು ಹಾಕಿದ್ದಾನೆ, ನಿನ್ನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟುತ್ತಿದ್ದಾರೆ. ಹೀಗೇ ಹೋದರೆ ಖಾನಾವಳಿ ಮುಚ್ಚಬೇಕಾದೀತು, ಮೂರು ಮನೆಗಳ ಅನ್ನ ಹೋದೀತು ಎಂದು ನಿನಗೆ ನಿದ್ದೆಯಿಲ್ಲ. ಸಿಲಿಂಡರ್ ತರಲು ನೀನೇ ಹೇಳಿ ಕಳಿಸಿದ್ದೀಯ. ಹಲಗೆ ಕೊಳ್ಳುವವನು ನಾಳೆ ಬೆಳಿಗ್ಗೆ ಬರುತ್ತಾನೆ. ನಿನ್ನನ್ನು ನಾನು ಬೈಯಲಾರೆ. ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಇನ್ನು ಸ್ವಲ್ಪ ಹೊತ್ತಿನಲ್ಲಿ ನಿನ್ನ ಬಾಗಿಲಿಗೆ ಗಾಡಿ ಬಂದು ನಿಲ್ಲುತ್ತದೆ. ತಂದವನು, ‘ಅಕ್ಕಾರ, ಬಂತ್ರಿ ನಿಮ್ಮ ಸಿಲಿಂಡರ್! ಬಾಯಿ ಸೀ ಮಾಡ್ರಿ!’ ಎನ್ನುತ್ತಾನೆ. ರುದ್ರವ್ವ ಮತ್ತು ಹುಸೇನಬಿ ಉಣ್ಣಲು ಕೂತಿರುತ್ತಾರೆ. ಈ ಒಂದೂವರೆ ವರ್ಷ ಗ್ಯಾಸು ಗ್ಯಾಸು ಎಂದು ಜಪ ಮಾಡಿದವಳು, ಹಳೆಯ ರೆಗ್ಯುಲೇಟರನ್ನು ಬಟ್ಟೆಯಲ್ಲಿ ಸುತ್ತಿ ದೇವರ ಜಗುಲಿಯ ಮೇಲೆ ಇಟ್ಟುಕೊಂಡವಳು ನಮ್ಮ ರುದ್ರವ್ವ. ಎಂಜಲು ಕೈಯಲ್ಲೇ ಎದ್ದು ಓಡಿ ಅದನ್ನು ತರುತ್ತಾಳೆ. ತಂದು, ನಡುಮನೆಯಲ್ಲಿ ನಿಂತು, ನಿನ್ನನ್ನು ಕೇಳುತ್ತಾಳೆ:

‘ವೈನೀ, ಇದನ್ನ ಹಚ್ಚಿದ್ರ ಇವತ್ತ ಎಷ್ಟೊತ್ತಿನ ತನಕಾ ಬಡೀಬೇಕು?’

‘ಗಿರಾಕಿ ಇರೂ ತನಕಾ’ ಎನ್ನುತ್ತೀಯ ನೀನು.

‘ಮತ್ತ ನಾವ್ ಉಣ್ಣೂದು?’

ನೀನು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತೀಯ. ಅವಳು ತನ್ನ ತಾಟಿನ ಕಡೆ ನೋಡುತ್ತಾಳೆ. ಅರ್ಧ ಮುರಿದ ರೊಟ್ಟಿ, ಕರಗುತ್ತಿರುವ ಬೆಣ್ಣೆ. ಗಾಡಿಯವನ ಕಡೆ ತಿರುಗಿ, ‘ಒಯ್ಯೋ ಮಾರಾಯಾ, ಒಯ್ಯಿ. ನನ್ನ ರೊಟ್ಟಿ ಆರಾಕತ್ತೈತಿ’ ಎಂದು ಹೋಗಿ ಕೂತುಬಿಡುತ್ತಾಳೆ.

ಇಷ್ಟೇ. ನೂರ ಎಂಬತ್ತು ವರ್ಷಗಳ ನಮ್ಮ ಬದುಕು ಈ ಮಾತಿನ ಮೇಲೆ ನಿಂತಿದೆ. ನೀನು ಮಾಲಕಿ, ‘ಬಾಯಿ ಮುಚ್ಚು’ ಎಂದು ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಗಾಡಿ ತಿರುಗಿ ಹೋಯಿತು, ಬೆಳಿಗ್ಗೆ ಬಂದ ಹಲಗೆಯವನೂ ಬರಿಗೈಯಲ್ಲಿ ಹೋದ. ಆ ವರ್ಷ ನೀವು ಬಹಳ ಸೋತಿರಿ, ರಾತ್ರಿಯ ಸಾಲು ಅರ್ಧಕ್ಕಿಳಿಯಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಇನ್ನೊಂದು ಜಲದಾರಿ ಮುಚ್ಚಿತು. ಎದುರಿನ ಹೋಟೆಲಿನ ಒಲೆ ಮತ್ತೆ ಆರಿತು, ನಿನ್ನ ಹಂಚು ಆರಲಿಲ್ಲ. ಆಗ ಓಣಿಯ ಹೆಂಗಸರು ಕೌದಿ ಹಿಡಿದುಕೊಂಡು ಕಲಿಯಲು ಬಂದರು, ಹೋಟೆಲಿನವನ ಹೆಂಡತಿಯೇ ಮೊದಲು. ಸಿಲಿಂಡರ್ ಮತ್ತೆ ಬಂದಾಗ ಅವರಲ್ಲಿ ಅರ್ಧಕ್ಕರ್ಧ ಮಂದಿ ಹಿಂತಿರುಗಲಿಲ್ಲ, ಅವರೂ ಕೂತು ಬಿಸಿ ರೊಟ್ಟಿ ಉಂಡಿದ್ದರು. ಮೂರನೆಯ ಸಲ ಹಡಗು ನಿಂತಾಗ ಬೆಟಗೇರಿಗೆ ಸುದ್ದಿ ತಿಳಿದದ್ದೇ ತಡವಾಗಿ. ಆಘಾತ ಮನುಷ್ಯನನ್ನು ಎಬ್ಬಿಸುತ್ತದೆ, ಅಷ್ಟೇ ಅದರ ಕೆಲಸ. ಎದ್ದವನು ಮತ್ತೆ ಮಲಗದಿರಬೇಕಾದರೆ ಅವನಿಗೆ ತಾಟಿನಲ್ಲಿ ಏನಾದರೂ ಸಿಗಬೇಕು. ಈ ಸಂಗತಿಯನ್ನು ನಮ್ಮ ಪಂಡಿತರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.

ಇವತ್ತಿಗೂ ನಮ್ಮ ಊರಿನ ಎಲ್ಲ ಅಡುಗೆಮನೆಗಳಲ್ಲಿ, ಮದುವೆಯಿರಲಿ, ಆಸ್ಪತ್ರೆಯಿರಲಿ, ಮಠದ ದಾಸೋಹವಿರಲಿ, ಮೊದಲು ಕೂರುವುದು ‘ಬಡಿದವರ ಪಂಕ್ತಿ’. ಅಡುಗೆ ಮಾಡಿದವರು ಉಂಡ ಮೇಲೆ ಉಳಿದವರು. ಹೊರಗಿನಿಂದ ಬಂದ ದೊಡ್ಡ ಮನುಷ್ಯರು ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತಾರೆ. ಅವರಿಗೆ ಸಿಟ್ಟು ಬರುತ್ತದೆ, ನಮಗೆ ಖುಷಿಯಾಗುತ್ತದೆ.

ನಿನಗೆ ಎಷ್ಟು ಋಣಿಗಳು ನಾವು ಎಂದು ಹೇಳಲು ನನಗೆ ಹೆದರಿಕೆ ಗುರುಸಿದ್ದವ್ವಾ, ಈ ವಯಸ್ಸಿನಲ್ಲಿ ಎಲ್ಲರ ಮುಂದೆ ಅತ್ತರೆ ನನ್ನ ಮಾನ ಹೋಗುತ್ತದೆ. ಆದರೂ ಹೇಳುತ್ತೇನೆ. ನನ್ನ ಎದೆ ಹಗುರಾಗಿದೆ, ನನ್ನ ಮಕ್ಕಳ ಉಸಿರು ಹಗುರಾಗಿದೆ, ಅದು ನಿನ್ನಿಂದ. ದೂರದ ಯಾವ ಹಡಗಿಗೂ ನನ್ನ ಒಲೆಯ ಮೇಲೆ ಅಧಿಕಾರವಿಲ್ಲ, ಅದೂ ನಿನ್ನಿಂದ. ಜಗಳಗಂಟಿ ನಾದಿನಿಯನ್ನು ಕೂರಿಸಿ, ಮೊದಲ ಬಿಸಿ ರೊಟ್ಟಿ ಅವಳಿಗೇ ಹಾಕಿದ ನಿನ್ನ ಕೈ ತಣ್ಣಗಿರಲಿ.

ಒಂದೇ ಒಂದು ವಿನಂತಿಯಿದೆ. ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ಮಧ್ಯಾಹ್ನ ರುದ್ರವ್ವನ ತಾಟಿನಲ್ಲಿ ಏನಿತ್ತೆಂದು ಗೊತ್ತು. ಹುಸೇನಬಿ ಎಷ್ಟು ರೊಟ್ಟಿ ಉಂಡಳೆಂದು ಗೊತ್ತು. ಗಾಡಿಯವನನ್ನೂ ಕರೆದು ಕೂರಿಸಿ ಒಂದು ರೊಟ್ಟಿ ಕೊಟ್ಟಿರೆಂದೂ ಗೊತ್ತು. ನಿನ್ನ ತಾಟಿನ ಸುದ್ದಿಯನ್ನು ಮಾತ್ರ ಯಾರೂ ಹೇಳುವುದಿಲ್ಲ. ಯಾರನ್ನು ಕೇಳಿದರೂ ‘ಆಕಿ ಹಂಚಿನ ಮುಂದ ಇದ್ಲು’ ಎನ್ನುತ್ತಾರೆ. ನನಗೆ ಅನುಮಾನ ಬಂದಿದೆ. ಎಲ್ಲರನ್ನೂ ಕೂರಿಸಿ, ನೀನು ಮಾತ್ರ ಇನ್ನೂ ಕೊನೆಗೇ ಉಣ್ಣುತ್ತಿದ್ದೀಯ, ಅಲ್ಲವಾ?

ಓದಿ ಮುಗಿಯಿತಲ್ಲ, ಈ ಕಾಗದ ಮಡಚಿಡು. ಹಂಚಿನಲ್ಲಿ ಇನ್ನೂ ಕಾವಿದೆ. ರುದ್ರವ್ವನನ್ನು ಕೂತಲ್ಲಿಂದ ಎಬ್ಬಿಸು, ಆಕೆಗೆ ಬಡಿಯಲು ಹೇಳು. ಗೊಣಗುತ್ತಾಳೆ, ಗೊಣಗಲಿ, ನನ್ನ ಹೆಸರು ಹೇಳು. ಇಲ್ಲಿ ನಾವೆಲ್ಲ ತಾಟು ಹಾಕಿಕೊಂಡು ಕೂತಿದ್ದೇವೆ, ಯಾರೂ ಇನ್ನೂ ತುತ್ತು ಎತ್ತಿಲ್ಲ.

ಬಿಸಿಲು ಇಳಿಯುತ್ತಿದೆ. ನೀ ಮೊದಲು ಉಣ್ಣು, ಯವ್ವಾ.

ನಿನ್ನ ಓಣಿಯ,
ಗಾಳವ್ವ